12 ಇಂಚಿನ ಬೋರ್ಡ್ 9 ಇಂಚಾಗಿ ಬಂತು, ಅಕ್ಷರ ತುಂಡಾಯ್ತು: ಲೇಸರ್ ಕಟಿಂಗಿಗೆ ಫೈಲ್ ಕೊಡುವ ಮೊದ್ಲು ಎಂತ ನೋಡ್ಬೇಕು?

ಪ್ರಶ್ನೆ: ನಾನು ಬ್ರಹ್ಮಾವರದಲ್ಲಿ ಮನೆಯಲ್ಲೇ ಸಣ್ಣಸಣ್ಣ ಗಿಫ್ಟ್ ಐಟಂ ಮಾಡಿ ಮಾರ್ತೇನೆ. ಗೃಹಪ್ರವೇಶಕ್ಕೆ ಅಂತ ಒಬ್ರು "ಶ್ರೀ ದುರ್ಗಾ ಕೃಪಾ" ಅಂತ ಬೋರ್ಡ್ ಕೇಳಿದ್ರು, ಗೇಟಿನ ಕಂಬಕ್ಕೆ ಹಾಕ್ಲಿಕ್ಕೆ, 12 ಇಂಚು ಉದ್ದ. ಫ್ರೆಂಡಿನ ಲ್ಯಾಪ್‌ಟಾಪಲ್ಲಿ ಇಲ್ಲಸ್ಟ್ರೇಟರ್ ಅನ್ನುವ ಡಿಸೈನ್ ಸಾಫ್ಟ್‌ವೇರಲ್ಲಿ ಟೈಪ್ ಮಾಡಿ ಎಸ್‌ವಿಜಿ ಅನ್ನುವ ತರದ ಫೈಲ್ ಮಾಡಿದೆ. ಜೊತೆಗೆ ಯಕ್ಷಗಾನ ಕಿರೀಟದ ಕೀಚೈನ್, ಅದನ್ನು ಫೋಟೋದಿಂದ ಆನ್‌ಲೈನಲ್ಲಿ ಕನ್ವರ್ಟ್ ಮಾಡಿದ್ದು. ಮಂಗಳೂರಲ್ಲಿ ಒಂದು ಅಂಗಡಿಗೆ ಕೊಟ್ಟೆ, ಮರದ ನಾರು ಒತ್ತಿ ಮಾಡಿದ 3 ಎಂಎಂ ಎಂಡಿಎಫ್ ಶೀಟಲ್ಲಿ. ಬೋರ್ಡ್ 9 ಇಂಚಾಗಿ ಬಂತು, ಅಕ್ಷರಗಳ ಮಧ್ಯೆ ಅಡ್ಡ ಗೆರೆ ಕಟ್ ಆಗಿ ತುಂಡುತುಂಡು, ಕಿರೀಟದಲ್ಲಿ ಎರಡೆರಡು ಗೆರೆ, ಅಂಚೆಲ್ಲ ಕರಿ. ಅವರು "ಮೆಷಿನ್ ಸರಿ ಉಂಟು, ನಿಮ್ಮ ಫೈಲೇ ಸರಿ ಇಲ್ಲ, ಕೋರೆಲ್‌ಡ್ರಾದಲ್ಲಿ ಮಾಡಿ ತನ್ನಿ" ಅಂತಾರೆ, ಹಾಳಾದ ಶೀಟಿನ ದುಡ್ಡೂ ಕೇಳ್ತಾರೆ. ನಾನು ಕೋರೆಲ್ ತಗೊಳ್ಬೇಕಾ? ಅಥವಾ ಆನ್‌ಲೈನಲ್ಲಿ ಸಿಗುವ ಸಣ್ಣ ಡಯೋಡ್ ಲೇಸರ್ ಮೆಷಿನ್ನೇ ತಗೊಂಡ್ರೆ ಒಳ್ಳೇದಾ?

ಉತ್ತರ: ಇನ್ನೊಂದು ಶೀಟೂ ಹೀಗೇ ಹಾಳಾದ್ರೆ ಎಂತ ಮಾಡುದು ಅನ್ನುವ ಹೆದರಿಕೆ ನಿಮ್ಮದು, ಅಲ್ವಾ. ಅಂಗಡಿಯವರು ಹೇಳಿದ್ದು ಮುಕ್ಕಾಲು ಪಾಲು ಸರಿ ಮಾರಾಯ್ರೆ, ತಪ್ಪು ಫೈಲಿನದ್ದೇ. ಆದ್ರೆ ಕೋರೆಲಲ್ಲಿ ಮಾಡಿ ತನ್ನಿ ಅಂದದ್ದು ಅದಕ್ಕೆ ಮದ್ದಲ್ಲ, ಇದೇ ತಪ್ಪುಗಳನ್ನು ಕೋರೆಲಲ್ಲೂ ಆರಾಮಾಗಿ ಮಾಡ್ಬಹುದು, ದಿನಾ ಮಾಡಿ ತರುವವರೂ ಇದ್ದಾರೆ. ನಿಮ್ಮ ಮೂರು ತೊಂದರೆಗೂ ಮೂರು ಬೇರೆಬೇರೆ ಕಾರಣ.

ಮೊದ್ಲು ಸೈಜ್. 12 ಇಂಚು ಸರಿಯಾಗಿ 9 ಇಂಚಾಗಿದೆ ಅಂದ್ರೆ ಮುಕ್ಕಾಲು ಆಗಿದೆ, ಈ ಮುಕ್ಕಾಲು ಅನ್ನುವ ಲೆಕ್ಕ ನೋಡಿದ ಕೂಡ್ಲೇ ನಮಗೆ ಗೊತ್ತಾಗ್ತದೆ ಇದು 72 ಮತ್ತು 96ರ ಕಿರಿಕಿರಿ ಅಂತ. ಇಲ್ಲಸ್ಟ್ರೇಟರ್ ಎಸ್‌ವಿಜಿ ಬರೆಯುವಾಗ ಒಂದು ಇಂಚಿಗೆ 72 ಯೂನಿಟ್ ಲೆಕ್ಕ ಹಿಡೀತದೆ, ಹಾಗಾಗಿ ನಿಮ್ಮ 12 ಇಂಚು ಫೈಲಿನ ಒಳಗೆ 864 ಅಂತ ಕೂತಿದೆ. ಅಂಗಡಿಯ ಸಾಫ್ಟ್‌ವೇರ್ ಇಂಚಿಗೆ 96 ಅಂತ ಓದಿದ್ರೆ 864 ಭಾಗಿಸು 96, ಒಂಬತ್ತೇ. ಉಲ್ಟಾ ಆದ್ರೆ 12 ಇಂಚಿನದ್ದು 16 ಇಂಚಾಗ್ತದೆ. ಇಂಕ್‌ಸ್ಕೇಪ್ ಅನ್ನುವ ಇನ್ನೊಂದು ಡಿಸೈನ್ ಸಾಫ್ಟ್‌ವೇರ್ ಕೂಡ 0.92 ವರ್ಷನ್ ಬರುವವರೆಗೆ 90 ಅಂತ ಲೆಕ್ಕ ಇಟ್ಟಿತ್ತು, ಈಗ 96, ಹಾಗಾಗಿ ಹಳೆ ಫೈಲ್ ಇಟ್ಕೊಂಡವರಿಗೆ ಇನ್ನೊಂದು ತರದ ಗಲಾಟೆ. ಡಿಎಕ್ಸ್‌ಎಫ್ ಅನ್ನುವ ತರದ ಫೈಲಲ್ಲಿ ಇನ್ನೂ ದೊಡ್ಡ ಹೊಡೆತ, ಅದು ಮಿಲಿಮೀಟರಾ ಇಂಚಾ ಅಂತ ಓದುವ ಕಡೆ ತಪ್ಪಾದ್ರೆ 25.4 ಪಟ್ಟು ವ್ಯತ್ಯಾಸ, ಆದ್ರೆ ಅದು ಅಷ್ಟು ಅಸಂಬದ್ಧ ಕಾಣ್ತದೆ ಅಂದ್ರೆ ಯಾರೂ ಕಟ್ ಮಾಡ್ಲಿಕ್ಕೆ ಹೋಗುದಿಲ್ಲ. ಮುಕ್ಕಾಲು ಆದದ್ದೇ ಅಪಾಯ, ಕಣ್ಣಿಗೆ ಸರಿ ಇದ್ದ ಹಾಗೇ ಕಾಣ್ತದೆ. ಇದಕ್ಕೆ ನಾನು ಎಲ್ಲರಿಗೂ ಹೇಳುವ ಉಪಾಯ, ಡಿಸೈನಿನ ಪಕ್ಕದಲ್ಲಿ ಬೇರೆ ಬಣ್ಣದಲ್ಲಿ ಸರಿಯಾಗಿ 100 ಎಂಎಂ ಉದ್ದದ ಒಂದು ಗೆರೆ ಹಾಕಿಡಿ, ಅಂಗಡಿಯಲ್ಲಿ ಫೈಲ್ ಓಪನ್ ಮಾಡಿದ ಮೇಲೆ ಆ ಗೆರೆ ಎಷ್ಟು ತೋರಿಸ್ತದೆ ಅಂತ ನೋಡ್ಲಿಕ್ಕೆ ಹೇಳಿ, 75 ಅಂತ ಬಂದ್ರೆ ವಿಷಯ ಅಲ್ಲೇ ಮುಗೀತು. ನೋಡಿಯಾದ ಮೇಲೆ ಅದನ್ನು ಡಿಲೀಟ್ ಮಾಡ್ಲಿಕ್ಕೂ ಹೇಳಿ, ಇಲ್ಲದಿದ್ರೆ ಅದೂ ಕಟ್ ಆಗ್ತದೆ. ಇನ್ನೊಂದು ಸಣ್ಣದು, ಇಂಕ್‌ಸ್ಕೇಪಲ್ಲಿ ಅಳತೆ ತೋರಿಸುವಾಗ ಗೆರೆಯ ದಪ್ಪವನ್ನೂ ಸೇರಿಸಿ ತೋರಿಸ್ತದೆ, 100ರ ಚೌಕಕ್ಕೆ 1 ಎಂಎಂ ಗೆರೆ ಇದ್ರೆ 101 ಅಂತ ಬರ್ತದೆ, ಪ್ರಿಫರೆನ್ಸಸಲ್ಲಿ ಜಿಯೊಮೆಟ್ರಿಕ್ ಬೌಂಡಿಂಗ್ ಬಾಕ್ಸ್ ಅಂತ ಇದೆ, ಅದಕ್ಕೆ ಬದಲಾಯಿಸಿಡಿ.

ಈಗ ಅಕ್ಷರ. ಇದು ನಮ್ಮ ಕನ್ನಡದವರಿಗೆ ಚೆನ್ನಾಗಿ ಅರ್ಥ ಆಗುವ ತಲೆನೋವು, ಇಂಗ್ಲಿಷ್ ಟ್ಯುಟೋರಿಯಲಲ್ಲಿ ಕನ್ನಡ ಒತ್ತಕ್ಷರದ ವಿಷಯ ಸಿಗುದು ಕಮ್ಮಿ. ಲೇಸರ್ ಹೆಡ್ ಅಂದ್ರೆ ಕಣ್ಣಿಲ್ಲದ ಪೆನ್ನು, ಸ್ಕ್ರೀನಿನಲ್ಲಿ ನಿಮಗೆ ಕಾಣುವ ಕಪ್ಪು ಅಕ್ಷರ ಅದಕ್ಕೆ ಕಾಣುದಿಲ್ಲ, ಅಕ್ಷರದ ಸುತ್ತ ಇರುವ ಗೆರೆ ಮಾತ್ರ ಅದಕ್ಕೆ ಗೊತ್ತು. ಕನ್ನಡ ಫಾಂಟಲ್ಲಿ ಒಂದು ಅಕ್ಷರ ಅಂತ ನಾವು ಓದುವದ್ದು ಹೆಚ್ಚಾಗಿ ಎರಡು ಮೂರು ತುಂಡು ಸೇರಿ ಆಗಿರ್ತದೆ. ನಿಮ್ಮದೇ ಹೆಸರು ನೋಡುವ: ಶ್ರೀಯಲ್ಲಿ ಕೆಳಗಿನ ರ-ಒತ್ತು, ಬಲಗಡೆ ದೀರ್ಘ, ದುರ್ಗಾದಲ್ಲಿ ಅರ್ಕಾವತ್ತು, ಕೃಪಾದಲ್ಲಿ ವಟ್ರಸುಳಿ. ಇವೆಲ್ಲ ಫಾಂಟಿನ ಒಳಗೆ ಹೆಚ್ಚಾಗಿ ಬೇರೆಬೇರೆ ತುಂಡುಗಳು, ಒಂದರ ಮೇಲೆ ಒಂದು ಸ್ವಲ್ಪ ಹತ್ತಿ ಕೂತಿರ್ತವೆ. ಕಪ್ಪು ಬಣ್ಣ ತುಂಬಿರುವಾಗ ಹತ್ತಿ ಕೂತದ್ದು ಗೊತ್ತೇ ಆಗುದಿಲ್ಲ, ಆದ್ರೆ ಮೆಷಿನ್ ಎರಡರ ಗೆರೆಯನ್ನೂ ಪೂರ್ತಿ ಸುತ್ತಿ ಕಟ್ ಮಾಡ್ತದೆ, ಹಾಗಾಗಿ ಜಾಯಿಂಟಲ್ಲಿ ಅಡ್ಡ ಗೆರೆ ಬಿದ್ದು ಅಕ್ಷರ ತುಂಡಾಗಿ ಬಿತ್ತು. ಈಗಿನ ವೇರಿಯೇಬಲ್ (ದಪ್ಪ ತೆಳು ಬೇಕಾದ ಹಾಗೆ ಬದಲಾಯಿಸುವ) ಫಾಂಟುಗಳಲ್ಲಂತೂ ಒಂದೇ ಅಕ್ಷರದ ಒಳಗೇ ಹೀಗೆ ಗೆರೆ ಮೇಲೆ ಗೆರೆ ಬರುದು ಮಾಮೂಲು.

ಇದನ್ನು ಸರಿ ಮಾಡ್ಲಿಕ್ಕೆ ಟೆಕ್ಸ್ಟನ್ನು ಕರ್ವ್ ಮಾಡ್ಬೇಕು, ಅಂದ್ರೆ ಅಕ್ಷರವನ್ನು ಬರೀ ಗೆರೆಯ ಆಕಾರ ಮಾಡುದು, ಆಮೇಲೆ ವೆಲ್ಡ್ ಮಾಡ್ಬೇಕು, ಅಂದ್ರೆ ಹತ್ತಿ ಕೂತ ತುಂಡುಗಳನ್ನು ಒಂದೇ ಆಕಾರ ಮಾಡುದು. ಕೋರೆಲಲ್ಲಿ ಕಂಟ್ರೋಲ್ ಕ್ಯೂ ಒತ್ತಿ ಕರ್ವ್, ನಂತರ ವೆಲ್ಡ್. ಇಂಕ್‌ಸ್ಕೇಪಲ್ಲಿ ಆಬ್ಜೆಕ್ಟ್ ಟು ಪಾತ್, ಅನ್‌ಗ್ರೂಪ್, ಆಮೇಲೆ ಯೂನಿಯನ್. ಇಲ್ಲಸ್ಟ್ರೇಟರಲ್ಲಿ ಕ್ರಿಯೇಟ್ ಔಟ್‌ಲೈನ್ಸ್, ಆಮೇಲೆ ಪಾತ್‌ಫೈಂಡರಲ್ಲಿ ಯುನೈಟ್. ಎರಡು ಕಡೆ ಜನ ಜಾರಿ ಬೀಳ್ತಾರೆ. ಒಂದು, ವೆಲ್ಡ್ ಬದ್ಲು ಕಂಬೈನ್ ಒತ್ತುದು, ಕಂಬೈನಲ್ಲಿ ಹತ್ತಿ ಕೂತ ಜಾಗ ಒಂದಾಗುದಿಲ್ಲ, ಅಲ್ಲಿ ತೂತಾಗ್ತದೆ. ಎರಡನೇದು, ಯಾರೋ ಹೇಳಿದ್ರು ಅಂತ ಎಲ್ಲವನ್ನೂ ಬ್ರೇಕ್ ಅಪಾರ್ಟ್ ಮಾಡಿ ಆಮೇಲೆ ವೆಲ್ಡ್ ಮಾಡುದು, ಆಗ ರ ಅಕ್ಷರದ ಒಳಗಿನ ತೂತೇ ಮುಚ್ಚಿ ಅದು ಇಡೀ ಉಂಡೆ ಆಗ್ತದೆ. ವೆಲ್ಡ್ ಆಯ್ತಾ ಇಲ್ವಾ ಅಂತ ಗೊತ್ತಾಗ್ಲಿಕ್ಕೆ ಕೋರೆಲಲ್ಲಿ ವೈರ್‌ಫ್ರೇಮ್, ಉಳಿದದ್ರಲ್ಲಿ ಔಟ್‌ಲೈನ್ ಅಂತ ಒಂದು ವ್ಯೂ ಉಂಟು, ಬಣ್ಣ ಎಲ್ಲ ತೆಗೆದು ಬರೀ ಗೆರೆ ತೋರಿಸ್ತದೆ. ಅದ್ರಲ್ಲಿ ಎಂತ ಕಾಣ್ತದೋ ಅದೇ ಕಟ್ ಆಗುದು. ನನ್ನ ಹತ್ರ ಫೈಲ್ ಬಂದ್ರೆ ಬೇರೆ ಎಂತ ನೋಡುವ ಮೊದ್ಲೂ ಅದನ್ನೇ ನೋಡುದು, ಅರ್ಧ ನಿಮಿಷದ ಕೆಲಸ, ಆದ್ರೆ ಹತ್ತು ಜನರಲ್ಲಿ ಒಬ್ಬ ಗಿರಾಕಿಯೂ ಅದನ್ನು ಓಪನ್ ಮಾಡಿ ನೋಡಿ ಬರುದಿಲ್ಲ ಅಂತ ಕಾಣ್ತದೆ.

ವೆಲ್ಡ್ ಮಾಡಿದ್ರೂ ಇನ್ನೊಂದು ಉಳೀತದೆ. ಅರ್ಕಾವತ್ತು, ಸೊನ್ನೆ, ಕೆಲವು ಫಾಂಟಲ್ಲಿ ಒತ್ತಕ್ಷರ, ಇವು ಮೂಲ ಅಕ್ಷರಕ್ಕೆ ತಾಗದೇ ದೂರ ನಿಂತಿರ್ತವೆ, ತಾಗದ್ದನ್ನು ವೆಲ್ಡ್ ಒಂದು ಮಾಡ್ಲಿಕ್ಕಿಲ್ಲ. ಕಟ್ ಆದ ಮೇಲೆ ಮೆಷಿನಿನ ಜಾಲರಿಯ ಎಡೆಯಿಂದ ಕೆಳಗೆ ಬಿದ್ದು ಕಾಣೆ ಆಗುದು ಇವೇ. ಇದಕ್ಕೆ ದಾರಿ ಮೂರು. ಅಕ್ಷರಗಳನ್ನು ಬಿಡಿಬಿಡಿಯಾಗಿ ಕಟ್ ಮಾಡಿಸಿ ಹಿಂದಿನ ಬೋರ್ಡಿಗೆ ಅಂಟಿಸ್ಬಹುದು, ಚಂದ ಕಾಣ್ತದೆ, ಆದ್ರೆ ನೆಟ್ಟಗೆ ಅಂಟಿಸ್ಲಿಕ್ಕೆ ಹಿಂದಿನ ಬೋರ್ಡಲ್ಲಿ ಅದೇ ಅಕ್ಷರದ ಗೆರೆ ತೆಳ್ಳಗೆ ಎನ್‌ಗ್ರೇವ್ (ಪೂರ್ತಿ ಕಟ್ ಆಗದ ಹಾಗೆ ಮೇಲೆ ಮಾತ್ರ ಗೀರುದು) ಮಾಡಿಸ್ಕೊಳ್ಬೇಕು, ಮತ್ತೆ ನಮ್ಮ ಮಳೆಗೆ ಯಾವ ಗಮ್ಮಿನ ಮೇಲೂ ಪೂರ್ತಿ ಭರವಸೆ ಇಡ್ಲಿಕ್ಕಾಗುದಿಲ್ಲ, ಎರಡು ಮಳೆಗಾಲ ಕಳೆದು ಅರ್ಕಾವತ್ತು ಉದುರಿದ್ರೆ ಆ ಮನೆಯವರು ನಿಮಗೇ ಫೋನ್ ಮಾಡುದು. ಎರಡನೇದು, ಇಡೀ ಹೆಸರಿನ ಸುತ್ತ 4-5 ಎಂಎಂ ದೂರದಲ್ಲಿ ಇನ್ನೊಂದು ಗೆರೆ, ಅಂದ್ರೆ ಆಫ್‌ಸೆಟ್, ತೆಗೆದು, ಕೋರೆಲಲ್ಲಿ ಅದಕ್ಕೆ ಕಾಂಟೂರ್ ಅಂತಾರೆ, ಎಲ್ಲ ತುಂಡುಗಳನ್ನೂ ಒಳಗೆ ಹಿಡಿಯುವ ಒಂದೇ ಆಕಾರ ಮಾಡಿ ಅದನ್ನು ಹಿಂದಿನ ಲೇಯರ್ ಮಾಡುದು, ಮುಂದಿನ ಅಕ್ಷರ ಬೇರೆ ಬಣ್ಣದಲ್ಲಿ. ಮೂರನೇದು, ಕಟ್ ಮಾಡುದೇ ಬೇಡ, ಎನ್‌ಗ್ರೇವ್ ಮಾತ್ರ, ಯಾವ ರಿಸ್ಕೂ ಇಲ್ಲ, ಆದ್ರೆ ರಸ್ತೆಯಿಂದ ನೋಡುವವರಿಗೆ ಅಷ್ಟು ಎದ್ದು ಕಾಣುದಿಲ್ಲ. ನಾನಾಗಿದ್ರೆ ಎರಡನೇದು ಮಾಡ್ತಿದ್ದೆ. ಸ್ಟೆನ್ಸಿಲ್ ತರ ಬೋರ್ಡಿನಿಂದಲೇ ಅಕ್ಷರ ಕೊರೆದು ತೆಗೆಯುವ ಆಲೋಚನೆ ಇದ್ರೆ ರ ಒಳಗಿನ ಉರುಟು, ಠ ಒಳಗಿನ ಚುಕ್ಕೆ ಎಲ್ಲ ಉದುರ್ತವೆ, ಅಲ್ಲಲ್ಲಿ ಕನಿಷ್ಠ 2 ಎಂಎಂ ಸೇತುವೆ ಬಿಡ್ಬೇಕು, ಅದು ಕನ್ನಡದಲ್ಲಿ ಚಂದ ಕಾಣುದು ಕಷ್ಟ.

ಫಾಂಟ್ ಬಗ್ಗೆ ಹೇಳುದಾದ್ರೆ, ತೆಳ್ಳಗಿನ ಫಾಂಟ್ ಬೇಡ. 3 ಎಂಎಂ ಶೀಟಲ್ಲಿ ಅಕ್ಷರದ ಅತಿ ತೆಳುವಾದ ಜಾಗವೂ 3 ಎಂಎಂ ಹತ್ರ ಇರ್ಲಿ. ಬಾಲೂ ತಮ್ಮ ತರದ ದಪ್ಪ ಉರುಟು ಫಾಂಟ್ ಕಟಿಂಗಿಗೆ ಒಳ್ಳೇದಾಗ್ತದೆ, ಫ್ರೀಯಾಗಿ ಸಿಗ್ತದೆ. ನುಡಿ, ಬರಹ, ಶ್ರೀಲಿಪಿಯ ಹಳೆ ಫಾಂಟ್ ಬಳಸಿ ಟೆಕ್ಸ್ಟಾಗಿಯೇ ಕಳಿಸಿದ್ರೆ, ಆ ಫಾಂಟ್ ಅಂಗಡಿಯ ಕಂಪ್ಯೂಟರಲ್ಲಿ ಇಲ್ಲದಿದ್ರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಾಣ್ತದೆ. ಯುನಿಕೋಡಲ್ಲಿ ಕಳಿಸಿದ್ರೂ ಕೋರೆಲಿನ ಹಳೆ ವರ್ಷನಲ್ಲಿ ಒತ್ತಕ್ಷರ ಬಿಡಿಸಿ ಕೂತುಬಿಡ್ತದೆ. ಕರ್ವ್ ಮಾಡಿ ಕಳಿಸಿದ್ರೆ ಎರಡೂ ಇಲ್ಲ. ಆದ್ರೆ ಕರ್ವ್ ಮಾಡದ ಒಂದು ಕಾಪಿ ನಿಮ್ಮ ಹತ್ರ ಇಟ್ಕೊಳ್ಳಿ, ಸ್ಪೆಲ್ಲಿಂಗ್ ತಪ್ಪಿದ್ರೆ ಕರ್ವಲ್ಲಿ ತಿದ್ದಲಿಕ್ಕಾಗುದಿಲ್ಲ.

ಇನ್ನು ಕಿರೀಟ. ಫೈಲಿನ ಹೆಸರಿನ ಕೊನೆಗೆ ಎಸ್‌ವಿಜಿ ಅಂತ ಬಂದ ಕೂಡ್ಲೇ ಅದು ವೆಕ್ಟರ್ (ಗೆರೆಗಳಿಂದ ಆದ ಚಿತ್ರ) ಆಯ್ತು ಅಂತ ತುಂಬ ಜನ ನಂಬಿದ್ದಾರೆ, ಅದು ಸುಳ್ಳು. ಕೆಲವು ಕನ್ವರ್ಟರುಗಳು ಫೋಟೋವನ್ನು ಹಾಗೇ ಎಸ್‌ವಿಜಿಯ ಒಳಗೆ ತುರುಕಿ ಕೊಡ್ತವೆ, ಅದ್ರಲ್ಲಿ ಕಟ್ ಮಾಡ್ಲಿಕ್ಕೆ ಒಂದು ಗೆರೆಯೂ ಇರುದಿಲ್ಲ. ನಿಮ್ಮದ್ರಲ್ಲಿ ಗೆರೆ ಇತ್ತು, ಆದ್ರೆ ಟ್ರೇಸ್ ಮಾಡುವ, ಅಂದ್ರೆ ಫೋಟೋ ನೋಡಿ ತಾನೇ ಗೆರೆ ಎಳೆಯುವ ಸಾಫ್ಟ್‌ವೇರ್ ಚಿತ್ರದ ಒಂದು ಕಪ್ಪು ಗೆರೆಯನ್ನು ಗೆರೆ ಅಂತ ನೋಡುದಿಲ್ಲ, ತೆಳ್ಳಗಿನ ಒಂದು ಪಟ್ಟಿ ಅಂತ ನೋಡ್ತದೆ, ಪಟ್ಟಿಗೆ ಎರಡು ಬದಿ ಅಲ್ವಾ, ಎರಡು ಬದಿಗೂ ಒಂದೊಂದು ಗೆರೆ ಹಾಕಿ ಕೊಡ್ತದೆ. ಅಂಚು ಅಷ್ಟು ಕರಿ ಹಿಡಿದದ್ದು ಹೆಚ್ಚಾಗಿ ಅದಕ್ಕೇ, ಹತ್ತಿರಹತ್ತಿರ ಎರಡು ಸಲ ಸುಟ್ಟರೆ ಎಂಡಿಎಫ್ ಮತ್ತೆಂತ ಆಗ್ತದೆ. ಪವರ್ ಜಾಸ್ತಿ ಇಟ್ಟಿದ್ರೋ ಏನೋ ಅಂತ ನಿಮಗೆ ಅನುಮಾನ ಇರ್ಬಹುದು, ಎರಡು ಗೆರೆ ಕಾಣ್ತಾ ಇರುವಾಗ ಮೊದ್ಲ ಅನುಮಾನ ಫೈಲಿನ ಮೇಲೇ. ಒಂದರ ಮೇಲೆ ಒಂದು ಸರಿಯಾಗಿ ಕೂತ ಡಬಲ್ ಗೆರೆ ಇನ್ನೂ ಮೋಸ, ಔಟ್‌ಲೈನ್ ವ್ಯೂನಲ್ಲೂ ಕಾಣುದಿಲ್ಲ, ಗೆರೆ ಹಿಡಿದು ಪಕ್ಕಕ್ಕೆ ಎಳೆದು ನೋಡ್ಬೇಕು ಅಡಿಯಲ್ಲಿ ಇನ್ನೊಂದು ಉಂಟಾ ಅಂತ. ಲೇಸರ್ ಮೆಷಿನ್ ನಡೆಸುವ ಲೈಟ್‌ಬರ್ನ್ ಸಾಫ್ಟ್‌ವೇರಲ್ಲಿ ಡಿಲೀಟ್ ಡೂಪ್ಲಿಕೇಟ್ಸ್ ಅಂತ ಇದೆ, ಆರ್‌ಡಿವರ್ಕ್ಸಲ್ಲೂ ಓವರ್‌ಲ್ಯಾಪ್ ತೆಗೆಯುವ ಆಪ್ಷನ್ ಉಂಟು, ಅಂಗಡಿಯವರಿಗೆ ನೆನಪು ಮಾಡಿ.

ಟ್ರೇಸ್ ಮಾಡಿದ ಫೈಲಲ್ಲಿ ಇನ್ನೊಂದು, ನೋಡ್ (ಗೆರೆಯ ಮೇಲಿನ ಬಿಂದು) ಸಾವಿರಗಟ್ಟಲೆ ಇರ್ತದೆ, ಪ್ರತಿ ಸಣ್ಣ ತಿರುವಿಗೂ ಹೆಡ್ ಸ್ಪೀಡ್ ಕಮ್ಮಿ ಮಾಡ್ತದೆ, ಕಮ್ಮಿ ಆದಲ್ಲಿ ಸುಡ್ತದೆ, ಟೈಮೂ ಜಾಸ್ತಿ, ನಿಮಿಷದ ಲೆಕ್ಕದಲ್ಲಿ ಚಾರ್ಜ್ ಮಾಡುವ ಕಡೆ ಬಿಲ್ಲೂ ಜಾಸ್ತಿ. ಇಂಕ್‌ಸ್ಕೇಪಲ್ಲಿ ಸಿಂಪ್ಲಿಫೈ ಮಾಡಿದ್ರೆ ಸ್ವಲ್ಪ ಕಮ್ಮಿ ಆಗ್ತದೆ, ಜಾಸ್ತಿ ಸಲ ಒತ್ತಿದ್ರೆ ಕಿರೀಟದ ತುದಿ ಎಲ್ಲ ಕರಗಿ ಬಟಾಟೆ ಆಗ್ತದೆ. ನನ್ನ ಮಾತು ಕೇಳುದಾದ್ರೆ ಟ್ರೇಸ್ ಬಿಟ್ಟುಬಿಡಿ. ಫೋಟೋವನ್ನು ಹಿಂದೆ ಇಟ್ಟು ಮೇಲಿನಿಂದ ಪೆನ್ ಟೂಲಲ್ಲಿ ಹೊರ ಆಕಾರ ಮಾತ್ರ ನೀವೇ ಎಳೀರಿ, ಅರ್ಧ ಎಳೆದು ಮಿರರ್ ಮಾಡಿದ್ರೆ ಆಯ್ತು, ಕಿರೀಟ ಎರಡೂ ಬದಿ ಒಂದೇ ತರ ಅಲ್ವಾ. ಆ ಹೊರ ಗೆರೆ ಮಾತ್ರ ಕಟ್. ಒಳಗಿನ ಮಣಿ, ಕುಸುರಿ ಎಲ್ಲ ಎನ್‌ಗ್ರೇವಿಂಗಿಗೆ ಬಿಡಿ, ಅದಕ್ಕೆ ವೆಕ್ಟರ್ರೇ ಬೇಕು ಅಂತ ಇಲ್ಲ, ಒಳ್ಳೆ ಕಪ್ಪು ಬಿಳಿ ಇಮೇಜ್ ಸಾಕು, ನಿಜವಾದ ಸೈಜಲ್ಲಿ 300 ಡಿಪಿಐ ಇದ್ರೆ ಧಾರಾಳ. ಕೀಚೈನಿನ ತೂತು 3 ರಿಂದ 4 ಎಂಎಂ, ಅಂಚಿನಿಂದ ಕನಿಷ್ಠ 2-3 ಎಂಎಂ ಒಳಗೆ ಇರ್ಲಿ, ಇಲ್ಲದಿದ್ರೆ ರಿಂಗ್ ಹಾಕುವಾಗಲೇ ಮುರೀತದೆ.

ಬಣ್ಣದ ವಿಷಯ ಬೇಗ ಹೇಳಿಬಿಡ್ತೇನೆ. ಗೆರೆ ದಪ್ಪ ಮಾಡಿದ್ರೆ ಆಳ ಕಟ್ ಆಗ್ತದೆ ಅಂತ ಕೆಲವರು ಅಂದ್ಕೊಂಡಿದ್ದಾರೆ, ಹಾಗೆ ಇಲ್ಲ. ಹೆಚ್ಚಿನ ಚೀನಾ ಮೆಷಿನಲ್ಲಿ ಯಾವ ಬಣ್ಣ ಅನ್ನುವುದರ ಮೇಲೆ ಪವರ್ ಮತ್ತು ಸ್ಪೀಡ್ ಹಾಕುದು, ದಪ್ಪ ಲೆಕ್ಕಕ್ಕೇ ಇಲ್ಲ. ಪ್ರಿಂಟರ್ ತರ ಡ್ರೈವರ್ ಇರುವ ಮೆಷಿನಲ್ಲಿ ಕಟ್ ಗೆರೆ ಹೇರ್‌ಲೈನ್ ಇರ್ಬೇಕು, ದಪ್ಪ ಆದ್ರೆ ಅದನ್ನು ಎನ್‌ಗ್ರೇವ್ ಅಂತ ತಿಳ್ಕೊಳ್ತದೆ. ಹಾಗಾಗಿ ತೆಳ್ಳಗೇ ಇಡಿ, ಹೊರಗಿನ ಕಟ್ ಒಂದು ಬಣ್ಣ, ಒಳಗಿನ ತೂತು ಇನ್ನೊಂದು, ಎನ್‌ಗ್ರೇವ್ ಮತ್ತೊಂದು, ಯಾವುದು ಎಂತದ್ದು ಅಂತ ಬರೆದೇ ಕಳಿಸಿ. ಮೊದ್ಲು ಎನ್‌ಗ್ರೇವ್, ಆಮೇಲೆ ಒಳಗಿನ ತೂತು, ಕೊನೆಗೆ ಹೊರಗಿನ ಗೆರೆ. ಹೊರಗಿನದ್ದು ಮೊದ್ಲು ಕಟ್ ಆದ್ರೆ ತುಂಡು ಅಲುಗಾಡ್ತದೆ, ಆಮೇಲೆ ತೂತು ಎಲ್ಲಿ ಬೀಳ್ತದೆ ದೇವರಿಗೇ ಗೊತ್ತು. ವಾಟ್ಸಾಪಲ್ಲಿ ಕಳಿಸುದಾದ್ರೆ ಇಮೇಜನ್ನೂ ಡಾಕ್ಯುಮೆಂಟಾಗಿ ಕಳಿಸಿ.

ಮುಂದೆ ಒಂದು ಶೀಟಿನೊಳಗೆ ಇನ್ನೊಂದು ಬಣ್ಣದ ತುಂಡು ಕೂರಿಸುವ ಕೆಲಸ, ಇಲ್ಲ ಬಾಕ್ಸ್ ಮಾಡುವ ಕೆಲಸ ಬಂದ್ರೆ ಲೇಸರ್ ತಿನ್ನುವ ಗ್ಯಾಪನ್ನೂ ಲೆಕ್ಕ ಹಿಡೀಬೇಕು, ಕರ್ಫ್ ಅಂತಾರೆ ಅದಕ್ಕೆ. 20 ಎಂಎಂ ಚೌಕ ಕಟ್ ಮಾಡಿಸಿ ವರ್ನಿಯರಲ್ಲಿ ಅಳೆದಾಗ ತುಂಡು 19.8 ಬಂದ್ರೆ ಕರ್ಫ್ 0.2, ಒಳಗೆ ಕೂರುವ ತುಂಡು ಅಷ್ಟು ಸಣ್ಣದಾಗ್ತದೆ, ತೂತು ಅಷ್ಟೇ ದೊಡ್ಡದಾಗ್ತದೆ, ಎರಡೂ ಸೇರಿ 0.4ರ ಸಡಿಲ, ಅದನ್ನು ಡಿಸೈನಲ್ಲಿ ಸರಿ ಮಾಡ್ಬೇಕು. ಶೀಟಿನ ದಪ್ಪವನ್ನೂ ಅಳೀರಿ, 3 ಎಂಎಂ ಅಂತ ಬರೆದದ್ದು 2.7ಉ ಇರ್ಬಹುದು 3.2ಉ ಇರ್ಬಹುದು. ನೇಮ್ ಬೋರ್ಡಿಗೆ ಇದ್ರ ತಲೆಬಿಸಿ ಬೇಡ.

ನೀವು ಕೇಳದ ಒಂದು ವಿಷಯ ಹೇಳ್ತೇನೆ, ಬೇಜಾರು ಮಾಡ್ಬೇಡಿ. ಗೇಟಿನ ಕಂಬಕ್ಕೆ ಎಂಡಿಎಫ್ ಯಾಕೆ? ಜೂನಲ್ಲಿ ಶುರುವಾದ ಮಳೆ ಸೆಪ್ಟೆಂಬರ್ ತನಕ ಬಿಡದ ಊರು ನಮ್ಮದು, ಎಂಡಿಎಫ್ ನೀರು ಕುಡಿದು ಅಂಚು ಉಬ್ಬಿ ಪದರಪದರ ಆಗ್ತದೆ, ಪೇಂಟ್ ಹೊಡೆದ್ರೂ ಕಟ್ ಆದ ಅಂಚು ಮೊದ್ಲು ಹೋಗ್ತದೆ. ಮಳೆಗಾಲದಲ್ಲಿ ಶೀಟ್ ಬಾಗಿದ್ರೆ ಕಟಿಂಗೂ ಸರಿ ಬರುದಿಲ್ಲ, ಒಂದು ಕಡೆ ಫೋಕಸ್ ತಪ್ಪಿ ಅಲ್ಲಿ ಕಟ್ ಆಗದೇ ಉಳೀತದೆ. ಹೊರಗೆ ಹಾಕ್ಲಿಕ್ಕೆ ಅಕ್ರಿಲಿಕ್ ತಗೊಳ್ಳಿ. ಎನ್‌ಗ್ರೇವ್ ಇದ್ರೆ ಕಾಸ್ಟ್ (ಅಚ್ಚಿಗೆ ಎರೆದು ಮಾಡಿದ) ಅಕ್ರಿಲಿಕ್ ಕೇಳಿ, ಗೀರಿದ ಜಾಗ ಬೆಳ್ಳಗೆ ಮಂಜು ಹಿಡಿದ ಹಾಗೆ ಚಂದ ಕಾಣ್ತದೆ. ಎಕ್ಸ್‌ಟ್ರೂಡೆಡ್ ಸ್ವಲ್ಪ ಅಗ್ಗ, ಕಟಿಂಗಿಗೆ ತೊಂದರೆ ಇಲ್ಲ, ಎನ್‌ಗ್ರೇವ್ ಮಾತ್ರ ಸರಿ ಕಾಣುದಿಲ್ಲ. ಸನ್‌ಬೋರ್ಡ್, ಫೋಮ್ ಶೀಟ್, ರೆಕ್ಸಿನ್ ತಂದು ಕಟ್ ಮಾಡಿ ಕೊಡಿ ಅಂತ ಮಾತ್ರ ಕೇಳ್ಬೇಡಿ, ಅವು ಹೆಚ್ಚಾಗಿ ಪಿವಿಸಿ, ಲೇಸರ್ ಬಿದ್ರೆ ಹೈಡ್ರೋಜನ್ ಕ್ಲೋರೈಡ್ ಗ್ಯಾಸ್ ಬರ್ತದೆ, ಶ್ವಾಸಕ್ಕೂ ಕೆಟ್ಟದು, ಮೆಷಿನಿನ ರೈಲು ತುಕ್ಕು ಹಿಡೀತದೆ, ಲೆನ್ಸೂ ಹಾಳು. ಆಗುದಿಲ್ಲ ಅನ್ನುವ ಅಂಗಡಿಯವರು ಸೊಕ್ಕಿನವರಲ್ಲ, ತಿಳಿದವರು.

ಕೋರೆಲ್ ತಗೊಳ್ಬೇಕಾ ಅಂದ್ರೆ, ಬೇಡ. ಇಂಕ್‌ಸ್ಕೇಪ್ ಫ್ರೀ, ನಿಮ್ಮ ಕೆಲಸಕ್ಕೆ ಅದು ಬೇಕಾದಷ್ಟಾಯ್ತು, ಎಸ್‌ವಿಜಿಯ ಜೊತೆ ಪಿಡಿಎಫೂ ಮಾಡಿ ಕೊಡಿ, ಹೆಚ್ಚಿನ ಕಡೆ ಎರಡ್ರಲ್ಲಿ ಒಂದು ಓಪನ್ ಆಗ್ತದೆ. ಅಂಗಡಿಯವರು ಕೋರೆಲ್ ಕೇಳುದು ಅವರ ಕೈಗೆ ಅದು ಅಭ್ಯಾಸ ಆಗಿದೆ ಅಂತ ಮಾತ್ರ.

ಡಯೋಡ್ ಮೆಷಿನ್ ಬಗ್ಗೆ ನನಗೆ ಅಷ್ಟು ಉಮೇದು ಇಲ್ಲ. ಹೆಚ್ಚಿನವು 450 ನ್ಯಾನೋಮೀಟರಿನ ನೀಲಿ ಬೆಳಕು, ಅದು ಪಾರದರ್ಶಕ ಅಕ್ರಿಲಿಕ್ ಒಳಗಿಂದ ದಾಟಿ ಹೋಗ್ತದೆ, ಕಟ್ ಆಗುದಿಲ್ಲ. ಅಂಗಡಿಯಲ್ಲಿರುವ ಸಿಒ2 (ಕಾರ್ಬನ್ ಡೈಆಕ್ಸೈಡ್ ಗ್ಯಾಸಿನ) ಲೇಸರ್ ಮೆಷಿನಿನದ್ದು 10.6 ಮೈಕ್ರಾನ್ ಅಲೆಯುದ್ದದ ಬೆಳಕು, ಅದನ್ನು ಅಕ್ರಿಲಿಕ್ ಪೂರ್ತಿ ಹೀರ್ಕೊಳ್ತದೆ. ನಿಮಗೆ ಬರೀ ಮರದ ಕೀಚೈನ್, ತೆಳ್ಳಗಿನ ಪ್ಲೈ, ಎನ್‌ಗ್ರೇವಿಂಗ್ ಸಾಕು ಅಂದ್ರೆ ಡಯೋಡ್ ನಡೀತದೆ, ಆದ್ರೆ ನಿಧಾನ, ಹೊಗೆ ಹೊರಗೆ ಬಿಡುವ ವ್ಯವಸ್ಥೆ ಬೇಕು, ಸರಿಯಾದ ಕನ್ನಡಕ ಬೇಕು. ಮುಚ್ಚಳ ಇಲ್ಲದ ಮಾಡೆಲನ್ನು ಮಕ್ಕಳು ಓಡಾಡುವ ಮನೆಯಲ್ಲಿ ಇಡ್ಲೇಬೇಡಿ, ಪ್ರತಿಫಲಿಸಿ ಬಂದ ಬೆಳಕೂ ಕಣ್ಣು ತೆಗೀತದೆ. ಓಡ್ತಾ ಇರುವಾಗ ಬಿಟ್ಟು ಹೋಗ್ಲಿಕ್ಕೂ ಇಲ್ಲ, ಬೆಂಕಿ ಹಿಡೀಬಹುದು. ಮಳೆಗಾಲದಲ್ಲಿ ಮಧ್ಯೆ ಕರೆಂಟ್ ಹೋದ್ರೆ ಆ ಪೀಸ್ ಹೆಚ್ಚಾಗಿ ಹೋದ ಹಾಗೇ. ತಿಂಗಳಿಗೆ ನಾಲ್ಕೈದು ಆರ್ಡರ್ ಇರುವವರೆಗೆ ಅಂಗಡಿಯೇ ಲೇಸು, ಮತ್ತೆ ಈ ಫೈಲ್ ತಪ್ಪುಗಳು ಸ್ವಂತ ಮೆಷಿನ್ ತಗೊಂಡ ಕೂಡ್ಲೇ ಹೋಗುದಿಲ್ಲ, ಶೀಟ್ ಮಾತ್ರ ನಿಮ್ಮದೇ ಹಾಳಾಗ್ತದೆ.

ಹಾಳಾದ ಶೀಟಿನ ದುಡ್ಡು ಯಾರು ಕೊಡ್ಬೇಕು ಅಂತ ಕೇಳಿದ್ರೆ, ಡಬಲ್ ಗೆರೆ, ವೆಲ್ಡ್ ಇಲ್ಲದ ಅಕ್ಷರ ನಿಮ್ಮ ಲೆಕ್ಕ. ಆದ್ರೆ 12 ಇಂಚು ಅಂತ ನೀವು ಹೇಳಿದ್ದಿದ್ರೆ, ಸ್ಕ್ರೀನಲ್ಲಿ 9 ಇಂಚು ತೋರಿಸ್ತಾ ಇರುವಾಗ ಸ್ಟಾರ್ಟ್ ಒತ್ತಿದ್ದು ಅವರ ಲೆಕ್ಕ, ಕಟ್ ಮಾಡುವ ಮೊದ್ಲು ಫ್ರೇಮ್ ಒತ್ತಿ ಶೀಟಿನ ಮೇಲೆ ಹೆಡ್ಡನ್ನು ಒಂದು ಸುತ್ತು ಓಡಿಸಿ ನೋಡುದು ಯಾವ ಅಂಗಡಿಯಲ್ಲೂ ಮಾಡ್ಬೇಕಾದ ಕೆಲಸ. ಕಿರೀಟದ್ದು ಪೂರ್ತಿ ನೀವು ಕೊಡಿ, ಬೋರ್ಡಿನದ್ದು ಅರ್ಧರ್ಧ ಮಾಡುವ ಅಂತ ಕೇಳಿ ನೋಡಿ, ಮುಂದಿನ ಸಲ ಮಾತ್ರ ಸೈಜನ್ನು ಬಾಯಿಮಾತಲ್ಲಿ ಹೇಳದೇ ಮೆಸೇಜಲ್ಲಿ ಬರೆದು ಕಳಿಸಿ.